ಜೂನ್ 25ನ್ನು ನೀವು ಎರಡು ಸಲ ಬರೆದಿದ್ದೀರಿ

ನಮಸ್ಕಾರ.

ನೀವು ಕಳಿಸಿದ '1876: ಅಮೆರಿಕದ ಒಂದು ವರ್ಷ' ಬರಹ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ 'ವಿಷಾದಿಸುತ್ತೇವೆ' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಇನ್ನೂ ನಿಮ್ಮ ಕಣ್ಣಿಗೇ ಬಿದ್ದಿಲ್ಲ.

ಮೊದಲು ದೂರು ಹೇಳಿಬಿಡುತ್ತೇನೆ. ಜನವರಿಯಿಂದ ಡಿಸೆಂಬರ್‌ವರೆಗೆ ಸಿಕ್ಕಿದ್ದನ್ನೆಲ್ಲ ಸಾಲಾಗಿ ಕೊಟ್ಟಿದ್ದೀರಿ. ಫೆಬ್ರವರಿಯಲ್ಲಿ ಬೇಸ್‌ಬಾಲ್‌ನ ನ್ಯಾಷನಲ್ ಲೀಗ್ ಶುರುವಾಯಿತು. ಆಗಸ್ಟ್ 1ಕ್ಕೆ ಕೊಲೊರಾಡೊ 38ನೇ ರಾಜ್ಯವಾಯಿತು. ಡಿಸೆಂಬರ್‌ನಲ್ಲಿ ಬ್ರೂಕ್ಲಿನ್‌ನ ನಾಟಕಶಾಲೆಗೆ ಬೆಂಕಿ ಬಿತ್ತು. ಎಲ್ಲವೂ ನಿಜ. ಆದರೆ ಓದುವಾಗ ಮದುವೆ ಮನೆಯ ಮುಯ್ಯಿ ಪುಸ್ತಕದ ಹಾಗಿದೆ: ಹೆಸರು ಬರೆದುಕೊಂಡೆವು, ಮುಂದಿನವರು ಬನ್ನಿ. ಇನ್ನೂರಕ್ಕೂ ಜಾಸ್ತಿ ಜನ ಸತ್ತ ಬೆಂಕಿಗೂ ಬೇಸ್‌ಬಾಲ್‌ಗೂ ನೀವು ಕೊಟ್ಟಿರುವುದು ಒಂದೊಂದೇ ಸಾಲು. ಒಂದೇ ವರ್ಷದಲ್ಲಿ ನಡೆದವು ಅನ್ನುವುದು ಬಿಟ್ಟರೆ ಇವುಗಳ ನಡುವೆ ಏನು ಸಂಬಂಧ ಅಂತ ಓದುಗ ಕೇಳಿದರೆ ನಿಮ್ಮ ಬರಹದಲ್ಲಿ ಉತ್ತರವಿಲ್ಲ.

ಸಂಬಂಧ ಇದ್ದ ಕಡೆ ನೀವು ಅದನ್ನು ಗಮನಿಸಿಲ್ಲ. ಮೂರನೇ ಪುಟದಲ್ಲಿ ಬೆಲ್ ತನ್ನ ಟೆಲಿಫೋನನ್ನು ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ತೋರಿಸಿದ ಮಾತಿದೆ. ತಾರೀಖು ಜೂನ್ 25. ಐದನೇ ಪುಟದಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗ. ಅದರ ತಾರೀಖೂ ಜೂನ್ 25. ಎರಡೂ ಒಂದೇ ಭಾನುವಾರ! ಇದು ನಿಮ್ಮದೇ ಹಾಳೆಗಳಲ್ಲಿದೆ. 'ವಿಜ್ಞಾನ', 'ಯುದ್ಧ' ಅಂತ ಬೇರೆ ಬೇರೆ ತಲೆಬರಹ ಹಾಕಿದ್ದರಿಂದ ಒಂದನ್ನೊಂದು ನೋಡಲೇ ಇಲ್ಲ.

ಆ ಭಾನುವಾರವನ್ನೇ ಹಿಡಿಯಿರಿ. ಪ್ರದರ್ಶನಕ್ಕೆ ಅವತ್ತು ಸಾರ್ವಜನಿಕರಿಗೆ ಪ್ರವೇಶ ಇರಲಿಲ್ಲ, ತೀರ್ಪುಗಾರರು ಮಾತ್ರ ಸುತ್ತುತ್ತಿದ್ದರು. ಬ್ರೆಜಿಲ್‌ನ ಚಕ್ರವರ್ತಿ ಎರಡನೇ ಪೆಡ್ರೊ ಕೂಡ ಆ ತೀರ್ಪುಗಾರರ ಜೊತೆಗಿದ್ದ. ಬೆಲ್‌ನ ಪರಿಚಯ ಅವನಿಗೆ ಮೊದಲೇ ಇತ್ತು. ತಂತಿಯ ಆ ತುದಿಯಲ್ಲಿ ಬೆಲ್ ಮಾತಾಡಿದ, ಈ ತುದಿಯಲ್ಲಿ ಚಕ್ರವರ್ತಿ ಕಿವಿಗಿಟ್ಟು ಕೇಳಿದ. ನೀವು ಅವನ ಬಾಯಲ್ಲಿ ಹಾಕಿರುವ ಉದ್ಗಾರ ಮಾತ್ರ ಬೇಡ. ಹೇಳುವವರ ಬಾಯಲ್ಲಿ ಅದು ಬೇರೆ ಬೇರೆ ಥರ ಇದೆ. ಅದಿಲ್ಲದೆಯೂ ದೃಶ್ಯ ಗಟ್ಟಿಯಾಗಿಯೇ ಇದೆ.

ಅದೇ ದಿನ ಮೊಂಟಾನಾ ಪ್ರಾಂತ್ಯದ ಲಿಟಲ್ ಬಿಗ್‌ಹಾರ್ನ್ ನದಿಯ ದಂಡೆಯಲ್ಲಿ ಲಕೋಟಾ ಮತ್ತು ಶಾಯೆನ್ ಎಂಬ ಮೂಲನಿವಾಸಿ ಜನರ ದೊಡ್ಡ ಬಿಡಾರದ ಮೇಲೆ ಅಮೆರಿಕ ಸೈನ್ಯದ ಅಧಿಕಾರಿ ಕಸ್ಟರ್ ದಾಳಿ ಮಾಡಿದ. ಅವನ ಜೊತೆಗಿದ್ದ ಸುಮಾರು 210 ಸೈನಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ಸುದ್ದಿ ಹೊರಗೆ ಬಂದದ್ದು ಹೇಗೆ ಗೊತ್ತಾ? 'ಫಾರ್ ವೆಸ್ಟ್' ಎಂಬ ಸ್ಟೀಮರ್, ಕಾಳಗದ ಇನ್ನೊಂದು ಕಡೆ ಬದುಕುಳಿದ ಗಾಯಾಳುಗಳನ್ನು ಹೊತ್ತುಕೊಂಡು, ಸುಮಾರು 1,100 ಕಿಲೋಮೀಟರ್ ನದಿ ದಾರಿಯನ್ನು 54 ಗಂಟೆಗಳಲ್ಲಿ ಇಳಿಯಿತು. ಜುಲೈ 5ರ ರಾತ್ರಿ ಬಿಸ್ಮಾರ್ಕ್ ಊರು ಮುಟ್ಟಿತು. ಪೂರ್ತಿ ವಿವರ ಟೆಲಿಗ್ರಾಫ್ ತಂತಿಗೆ ಸಿಕ್ಕಿದ್ದು ಅಲ್ಲಿ. ಒಂದು ಕಡೆ ಮನುಷ್ಯನ ದನಿಯೇ ತಂತಿಯಲ್ಲಿ ಹರಿಯುತ್ತಿದೆ. ಇನ್ನೊಂದು ಕಡೆ ಇಷ್ಟು ಜನ ಸತ್ತ ಸುದ್ದಿ ದೋಣಿಯಲ್ಲಿ ಬರುತ್ತಿದೆ. ಈ ಎರಡರ ನಡುವೆ ಬಂದದ್ದು ಜುಲೈ 4, ದೇಶದ ನೂರನೇ ಹುಟ್ಟುಹಬ್ಬ. ಫಿಲಡೆಲ್ಫಿಯಾದಲ್ಲಿ ಸಂಭ್ರಮ ಪಡುತ್ತಿದ್ದವರಿಗೆ ಕಸ್ಟರ್ ಸತ್ತು ಒಂಬತ್ತು ದಿನವಾದದ್ದು ಗೊತ್ತಿರಲಿಲ್ಲ. ನಿಮ್ಮ ಲೇಖನ ಇದೇ ಅಲ್ವಾ?

'ಇಂಡಿಯನ್ನರು ಕಸ್ಟರ್ ಸೈನ್ಯದ ಮೇಲೆ ಎರಗಿದರು' ಅಂತ ಬರೆದಿದ್ದೀರಿ. ಎರಗಿದವನು ಕಸ್ಟರ್. ಅದರ ಹಿಂದಿನ ಕಥೆಯೂ ಬೇಕು. 1868ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಲಕೋಟಾ ಜನರಿಗೇ ಬಿಟ್ಟಿದ್ದರು. 1874ರಲ್ಲಿ ಅಲ್ಲಿಗೆ ಹೋಗಿ 'ಚಿನ್ನ ಇದೆ' ಅಂತ ಸುದ್ದಿ ತಂದ ದಂಡಿನ ನಾಯಕ ಇದೇ ಕಸ್ಟರ್. ಜನ ನುಗ್ಗಿದರು. 1876ರ ಜನವರಿ 31ರೊಳಗೆ ತಾನು ಗೊತ್ತುಮಾಡಿದ ಮೀಸಲು ಪ್ರದೇಶಕ್ಕೆ ಬಂದು ಸೇರಿ ಅಂತ ಸರ್ಕಾರ ಲಕೋಟಾ ಜನರಿಗೆ ಗಡುವು ಕೊಟ್ಟಿತು. ಅದೂ ಚಳಿಗಾಲದಲ್ಲಿ. ಆಗಸ್ಟ್ 2ಕ್ಕೆ ಡೆಡ್‌ವುಡ್‌ನಲ್ಲಿ ಇಸ್ಪೀಟು ಆಡುತ್ತಿದ್ದ ಹೆಸರುವಾಸಿ ಬಂದೂಕುಗಾರ ವೈಲ್ಡ್ ಬಿಲ್ ಹಿಕಾಕ್‌ಗೆ ಗುಂಡು ಬಿದ್ದದ್ದನ್ನು ನೀವು ರಸವತ್ತಾಗಿ ಬರೆದಿದ್ದೀರಿ, ಅವನ ಕೈಯಲ್ಲಿದ್ದ ಎಲೆಗಳ ಸಮೇತ. ಎಲೆಗಳನ್ನು ಬಿಡಿ. ಆ ಡೆಡ್‌ವುಡ್ ಊರೇ ಒಪ್ಪಂದ ಮುರಿದು ಲಕೋಟಾ ನೆಲದಲ್ಲಿ ಎದ್ದದ್ದು ಅಂತ ಹೇಳಿ. ಆಗ ಹಿಕಾಕ್ ಕೂಡ ಇದೇ ಕಥೆಯೊಳಗೆ ಬರುತ್ತಾನೆ.

ಇನ್ನು ಹುಟ್ಟಿದವರ ಪಟ್ಟಿ. ನಿಜ ಹೇಳಬೇಕೆಂದರೆ ಇಂಥ ಪಟ್ಟಿಗಳ ಮೇಲೆ ನನಗೆ ಅಷ್ಟೇನೂ ಪ್ರೀತಿಯಿಲ್ಲ. ಜನವರಿ 12ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಕಾದಂಬರಿಕಾರ ಜಾಕ್ ಲಂಡನ್ 1876ರಲ್ಲಿ ಬರೀ ಒಂದು ಕೂಸು. ಆ ವರ್ಷದ ಮೇಲೆ ಅವನ ನೆರಳೂ ಬಿದ್ದಿಲ್ಲ. ಇನ್ನೊಬ್ಬ ಲೇಖಕ ಶೆರ್‌ವುಡ್ ಆ್ಯಂಡರ್ಸನ್‌ದೂ ಅದೇ ಕಥೆ. ಲೇಖಕಿ ವಿಲ್ಲಾ ಕ್ಯಾಥರ್ ಹೆಸರು ತೆಗೆಯಲೇಬೇಕು. ಅವರು ಹುಟ್ಟಿದ್ದು 1873ರ ಡಿಸೆಂಬರ್ 7ಕ್ಕೆ. 1874ರ ಆರಂಭದಲ್ಲೇ ಅಪ್ಪ ಬರೆದ ಪತ್ರದಲ್ಲಿ ಈ ಮಗುವಿನ ಮಾತು ಬರುತ್ತದೆ. ದೊಡ್ಡವರಾದ ಮೇಲೆ ವಯಸ್ಸು ಕಡಿಮೆ ಹೇಳಿಕೊಂಡರು, ಸಮಾಧಿಯ ಕಲ್ಲಿನ ಮೇಲೂ 1876 ಅಂತಲೇ ಇದೆ. ಹಾಗಾಗಿ ನಿಮ್ಮ ತಪ್ಪನ್ನು ಪೂರ್ತಿ ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಹುಟ್ಟಿದ ತಾರೀಖನ್ನು ಒಂದೇ ಕಡೆ ನೋಡಿ ಬರೆಯುವ ಅಭ್ಯಾಸ ಬಿಡಿ.

ಪಟ್ಟಿಯಲ್ಲಿ ಇರಲೇಬೇಕಾದ ಒಬ್ಬರು ಇಲ್ಲ. ಮೂಲನಿವಾಸಿ ಲೇಖಕಿ ಝಿಟ್ಕಾಲಾ ಶಾ. ಇದು ಆಕೆ ತಾನೇ ಇಟ್ಟುಕೊಂಡ ಹೆಸರು. ಹುಟ್ಟಿದ್ದು 1876ರ ಫೆಬ್ರವರಿ 22, ಡಕೋಟಾದ ಯಾಂಕ್ಟನ್ ಮೀಸಲು ಪ್ರದೇಶದಲ್ಲಿ. ಕಸ್ಟರ್ ಸತ್ತಾಗ ನಾಲ್ಕು ತಿಂಗಳ ಕೂಸು. ಎಂಟನೇ ವಯಸ್ಸಿಗೆ ಊರು ಬಿಟ್ಟು ಇಂಡಿಯಾನಾದ ಮಿಷನರಿ ಶಾಲೆಗೆ ಹೋದಳು. ಅಲ್ಲಿ ತನ್ನ ಕೂದಲು ಕತ್ತರಿಸಿದ್ದನ್ನು ಮುಂದೆ ಇಂಗ್ಲಿಷಿನಲ್ಲೇ ಬರೆದು ಇಡೀ ದೇಶ ಓದುವ ಹಾಗೆ ಮಾಡಿದಳು. 1926ರಲ್ಲಿ ಮೂಲನಿವಾಸಿಗಳ ಹಕ್ಕಿಗಾಗಿ ಗಂಡನ ಜೊತೆ ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದಳು. ಈಕೆಯ ಹುಟ್ಟು ಆ ವರ್ಷಕ್ಕೆ ಸಂಬಂಧಪಟ್ಟದ್ದು. ಆ ಬೇಸಿಗೆಯಲ್ಲಿ ನಡೆದದ್ದರ ಫಲ ಉಂಡವರ ಪೈಕಿ ಈಕೆಯೂ ಒಬ್ಬಳು. ಹತ್ತು ಹುಟ್ಟುಗಳ ಬದಲು ಇದೊಂದೇ ಸಾಕು.

'1876ರಲ್ಲಿ ಹೇಯ್ಸ್ ಅಧ್ಯಕ್ಷರಾಗಿ ಆಯ್ಕೆಯಾದರು' ಅನ್ನುವ ಸಾಲನ್ನೂ ತಿದ್ದಿ. ನವೆಂಬರ್ 7ಕ್ಕೆ ಮತದಾನವೇನೋ ಆಯಿತು. ಜನರ ಮತ ಜಾಸ್ತಿ ಬಿದ್ದದ್ದು ಎದುರಾಳಿ ಟಿಲ್ಡನ್‌ಗೆ. ಆದರೆ ಅಧ್ಯಕ್ಷ ಯಾರು ಅಂತ ತೀರ್ಮಾನಿಸುವುದು ರಾಜ್ಯವಾರು ಸಿಗುವ ಎಲೆಕ್ಟೋರಲ್ ಮತಗಳು. ಅವುಗಳಲ್ಲಿ 20ರ ಮೇಲೆ ಜಗಳ ಬಿತ್ತು. 15 ಜನರ ಆಯೋಗ 8–7ರಲ್ಲಿ ಹೇಯ್ಸ್ ಕಡೆ ವಾಲಿತು. 185–184 ಅಂತ ಘೋಷಣೆಯಾದದ್ದು 1877ರ ಮಾರ್ಚ್ 2ರಂದು. ಅಂದರೆ ಡಿಸೆಂಬರ್ 31 ಕಳೆದರೂ ಮುಂದಿನ ಅಧ್ಯಕ್ಷ ಯಾರು ಅಂತ ಅಮೆರಿಕಕ್ಕೇ ಗೊತ್ತಿರಲಿಲ್ಲ. ಲೇಖನವನ್ನು ಜುಲೈನಲ್ಲೇ ನಿಲ್ಲಿಸಿದರೆ ಚುನಾವಣೆ ಬೇಕಾಗುವುದೇ ಇಲ್ಲ. ನನ್ನ ಸಲಹೆ ಅದೇ.

ಕೊನೆಯಲ್ಲಿ 'ಇದೇ ಹೊತ್ತಿಗೆ ನಮ್ಮ ಮೈಸೂರಿನಲ್ಲಿ' ಅಂತ ಧಾತು ಈಶ್ವರದ ಬರವನ್ನು ತಂದಿದ್ದೀರಿ. ಲಕ್ಷಗಟ್ಟಲೆ ಜನ ಸತ್ತ ಬರ ಅದು. ಅಮೆರಿಕದ ಲೇಖನದ ಬಾಲಕ್ಕೆ ನಾಲ್ಕು ಸಾಲಾಗಿ ಅಂಟಿಸುವ ವಿಷಯವಲ್ಲ. ಓದುಗರಿಗೆ ಹತ್ತಿರವಾಗಲಿ ಅಂತ ಮಾಡಿದ್ದೀರಿ, ಅರ್ಥವಾಗುತ್ತದೆ. ಅದನ್ನು ಬೇರೆಯೇ ಲೇಖನ ಮಾಡಿ, ಅದನ್ನೂ ನಮಗೇ ಕಳಿಸಿ.

ಈಗ ಮಾಡಬೇಕಾದದ್ದು: ಬರಹವನ್ನು ಅರ್ಧಕ್ಕೆ ಇಳಿಸಿ. ಜೂನ್ 25ರಿಂದ ಜುಲೈ 6ರವರೆಗೆ ಇರಲಿ. ಜುಲೈ 4ರಂದು ಫಿಲಡೆಲ್ಫಿಯಾದ ಸಮಾರಂಭದಲ್ಲಿ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಸೂಸನ್ ಆ್ಯಂಟನಿ ಮತ್ತು ಜೊತೆಗಾರ್ತಿಯರು ಅನುಮತಿಯಿಲ್ಲದೆ ವೇದಿಕೆಗೆ ನುಗ್ಗಿ ಹೆಣ್ಣುಮಕ್ಕಳ ಹಕ್ಕಿನ ಘೋಷಣೆಯನ್ನು ಸಭೆಯ ಅಧ್ಯಕ್ಷರ ಕೈಗಿಟ್ಟು ಬಂದದ್ದನ್ನು ಬಿಡಬೇಡಿ, ಈಗಿರುವ ಒಂದು ಸಾಲನ್ನು ಒಂದು ಪ್ಯಾರಾ ಮಾಡಿ. ಸ್ಟೀಮರ್ ಹೋದ ನದಿ ದಾರಿಯ ನಕ್ಷೆ ಸಿಕ್ಕರೆ ಜೊತೆಗಿಡಿ, ನಮ್ಮ ಕಲಾವಿದರು ಹೊಸದಾಗಿ ಬರೆದುಕೊಳ್ಳುತ್ತಾರೆ. ಅವಸರವಿಲ್ಲ, ತಿದ್ದಿದ ಮೇಲೆ ಕಳಿಸಿ.

— ಸಂಪಾದಕ