ಬಿಟ್ಟ ಬಾಳೆ ಮೀನು ಯಾಕೆ ತೇಲಿತು?

ತಮ್ಮಾ, ನಿನ್ನ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಮುಧೋಳದ ಹತ್ತಿರ ಘಟಪ್ರಭೆಯಲ್ಲಿ ನಾಲ್ಕಡಿ ಉದ್ದದ ಬಾಳೆ ಮೀನು ನಿನ್ನ ಗಾಳಕ್ಕೆ ಬಿತ್ತು. ಮುಕ್ಕಾಲು ಗಂಟೆ ಎಳೆದಾಡಿ ನೀನು ಅದನ್ನು ದಂಡೆಗೆ ತಂದೆ, ತೂಕ ಮಾಡಿದೆ, ಗೆಳೆಯರ ಜೊತೆ ಫೋಟೋ ತೆಗೆಸಿಕೊಂಡೆ, ಆಮೇಲೆ ನೀರಿಗೆ ಬಿಟ್ಟೆ. ಅರ್ಧ ಗಂಟೆಗೆ ಹೊಟ್ಟೆ ಮೇಲೆ ಮಾಡಿ ತೇಲಿತು. "ಬಿಟ್ಟರೂ ಸತ್ತಿತು, ತಪ್ಪು ಎಲ್ಲಾಯ್ತು ಕಾಕಾ" ಅಂತ ಕೇಳಿದ್ದೀಯ. ನಿನ್ನ ಪ್ರಶ್ನೆಯ ಕೆಳಗೆ ಐದಾರು ಮಂದಿ "ಸುಮ್ನೆ ಸಾರು ಮಾಡಬೇಕಿತ್ತು" ಅಂತ ನಕ್ಕಿದ್ದಾರೆ. ನಗಲಿ ಬಿಡು. ಆದರೆ ಅವರ ಮಾತಿನಲ್ಲೂ ಸ್ವಲ್ಪ ಅರ್ಥ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ನಿನ್ನ ತಪ್ಪು ನಾನೂ ಮಾಡಿದವನೇ. ನನ್ನ ಮೊದಲ ದೊಡ್ಡ ಬಾಳೆ ಸಿಕ್ಕಿದ್ದು ಜಮಖಂಡಿ ಕಡೆ ಕೃಷ್ಣೆಯಲ್ಲಿ, ಏಪ್ರಿಲ್ ತಿಂಗಳು, ಮಧ್ಯಾಹ್ನ. ಸಣ್ಣ ಲೈನು (ಗಾಳದ ದಾರ), ತೆಳು ರಾಡು (ಗಾಳದ ಕೋಲು). ಲೈನ್ ಹರಿದೀತು ಅನ್ನೋ ಹೆದರಿಕೆಗೆ ಮೆಲ್ಲಗೆ, ಮೆಲ್ಲಗೆ, ಒಂದು ತಾಸು ಆಡಿಸಿದೆ. ಉಸುಕಿನ ಮೇಲೆ ಎಳೆದು ಹಾಕಿದೆ. ಕಿವಿರಿನಲ್ಲಿ ಕೈ ಹಾಕಿ ಎತ್ತಿ ಹಿಡಿದೆ. ಬಿಟ್ಟಾಗ ಬಾಲ ಬೀಸಿಕೊಂಡು ಹೋಯಿತು, ನಾನು ಚಪ್ಪಾಳೆ ಹೊಡೆದೆ! ಮರುದಿನ ಮುಂಜಾನೆ ಬಲೆ ಬಿಡಿಸುತ್ತಿದ್ದ ಅಂಬಿಗರ ಹಿರಿಯರೊಬ್ಬರು ಕರೆದು ತೋರಿಸಿದರು. ಅದೇ ಮೀನು, ತುಟಿಯ ಹತ್ತಿರ ನನ್ನ ಗಾಳದ ಗಾಯ. ಬೆನ್ನ ಮೇಲೆ ನನ್ನ ಐದು ಬೆರಳು ಬೆಳ್ಳಗೆ ಮೂಡಿದ್ದವು, ಲೋಳೆ ಕಿತ್ತುಹೋದ ಜಾಗ. ಅವರು ಬೈಯಲಿಲ್ಲ. "ಬಿಡೂದಿದ್ರ ನೀರಾಗ ಬಿಡಬೇಕಪಾ, ದಂಡಿ ಮ್ಯಾಲೆ ಕೊಂದು ನೀರಾಗ ಒಗದ್ರ ಅದಕ್ಕ ಬಿಡೂದು ಅಂತಾರೇನ" ಅಂದರು. ಅಷ್ಟೇ.

ಹಾಗಾಗಿ ಮೊದಲ ಮಾತು. ಈಜಿಕೊಂಡು ಹೋಯಿತು ಅಂದರೆ ಬದುಕಿತು ಅಂತಲ್ಲ. ಜಾಸ್ತಿ ಹೊತ್ತು ಎಳೆದಾಡಿದರೆ ಮೀನಿನ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ನಾವು ಓಡಿ ಓಡಿ ಕಾಲು ಹಿಡಿದುಕೊಂಡ ಹಾಗೆ, ಆದರೆ ಅದಕ್ಕೆ ಇಡೀ ಮೈ ಹಿಡಿದುಕೊಳ್ಳುತ್ತದೆ. ಅದೇ ಹೊತ್ತಿಗೆ ನೀರಿನಿಂದ ಹೊರಗೆ ತೆಗೆದರೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರು ನಿಲ್ಲುತ್ತದೆ. ಓಟ ಮುಗಿಸಿದವನ ಮೂಗು-ಬಾಯಿ ಮುಚ್ಚಿ ಸೆಲ್ಫಿ ತೆಗೆದುಕೊಂಡ ಹಾಗೆ. ದೊಡ್ಡ ಮೀನಿಗೆ ಇದು ಇನ್ನೂ ಕಷ್ಟ.

ಹಾಗಾಗಿ ಬಿಡುವ ಕೆಲಸ ಗಾಳ ಎಸೆಯುವ ಮೊದಲೇ ಶುರುವಾಗುತ್ತದೆ. ದೊಡ್ಡ ಬಾಳೆಗೆ ಕೂತರೆ 50 ಪೌಂಡು ಎಳೆತ ತಡೆಯುವ ಹೆಣೆದ ಲೈನು, ಅದರ ಮುಂದೆ 80 ಪೌಂಡಿನ ದಪ್ಪ ನೈಲಾನ್ ಲೀಡರು, ಅಂದರೆ ಲೈನಿಗೂ ಗಾಳಕ್ಕೂ ನಡುವಿನ ತುಂಡು ಹಾಕು. ಬಾಳೆಯ ಬಾಯಲ್ಲಿ ಸಣ್ಣ ಸಣ್ಣ ಹಲ್ಲು ಅರದಂತೆ ಇರುತ್ತವೆ, ತೆಳು ಲೀಡರ್ ಸವೆದು ಹೋಗುತ್ತದೆ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ಲೈನು ಬಿಡುವ ಬಿಗಿತ, ಅದನ್ನು ಲೈನಿನ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಬಿಗಿ ಮಾಡು. "ತೆಳು ಲೈನಿನಲ್ಲಿ ದೊಡ್ಡ ಮೀನು ಹಿಡಿದೆ" ಅಂತ ಕೆಲವರು ಹೆಮ್ಮೆ ಪಡ್ತಾರೆ. ತಿನ್ನುವ ಮೀನಾದರೆ ಸರಿ. ಬಿಡುವ ಮೀನಿಗೆ ಅದು ಹಿಂಸೆ, ನನ್ನ ಮಟ್ಟಿಗೆ.

ಗಾಳದ ವಿಷಯ. ನೀನು ಮೂರು ಕೊಕ್ಕೆಯ ಟ್ರೆಬಲ್ ಹಾಕಿದ್ದು ಫೋಟೋದಲ್ಲಿ ಕಾಣುತ್ತದೆ. ಅದನ್ನು ತೆಗೆದಿಡು. ಒಂಟಿ ಸರ್ಕಲ್ ಹುಕ್ (ತುದಿ ಒಳಗೆ ಬಾಗಿದ ದುಂಡು ಗಾಳ) ತಗೋ, ತುದಿಯ ಹಿಂದಿನ ಮರುಮುಳ್ಳನ್ನು ಪಕ್ಕಡ್‌ನಿಂದ ಒತ್ತಿ ಚಪ್ಪಟೆ ಮಾಡು. ಸ್ಟೇನ್‌ಲೆಸ್ ಬೇಡ, ಸಾದಾ ಉಕ್ಕಿನದು ಇರಲಿ. ಮೀನಿನ ತುಂಡು ಕಟ್ಟಿ ಕೂತಾಗ ಬಾಳೆ ಅದನ್ನು ನುಂಗಿ ತಿರುಗುತ್ತದೆ. ಸರ್ಕಲ್ ಹುಕ್ ಆಗ ಜಾರಿಬಂದು ಬಾಯಿಯ ಮೂಲೆಗೆ ಸಿಗುತ್ತದೆ. ಆದರೆ ಒಂದು ಮಾತು. ಕಚ್ಚಿದ ಕೂಡಲೇ ರಾಡನ್ನು ಜೋರಾಗಿ ಎಳೆಯುವ ಚಟ ಬಿಡಬೇಕು, ಎಳೆದರೆ ಗಾಳ ಬಾಯಿಂದ ಹೊರಗೇ ಬರುತ್ತದೆ. ಸುಮ್ಮನೆ ರೀಲ್ ಸುತ್ತಿ ಬಿಗಿ ಮಾಡಿದರೆ ಸಾಕು. ನನಗೆ ಈ ಚಟ ಬಿಡಲು ಎರಡು ವರ್ಷ ಹಿಡಿಯಿತು. ರಾಡ್ ಬಿಟ್ಟು ಚಹಾ ಕುಡಿಯಲು ಹೋಗುವುದು ಮಾತ್ರ ಬೇಡ. ಅಷ್ಟರಲ್ಲಿ ಗಾಳ ಹೊಟ್ಟೆಗೇ ಇಳಿದಿರುತ್ತದೆ.

ಹೊಟ್ಟೆಗೆ ಇಳಿದಿದ್ದರೆ ಕೀಳಬೇಡ. ಲೀಡರನ್ನು ಆದಷ್ಟು ಒಳಗೆ ಕತ್ತರಿಸಿ ಬಿಟ್ಟುಬಿಡು. ಕಿತ್ತರೆ ಒಳಗೆ ಹರಿಯುವುದೇ ಜಾಸ್ತಿ. ಸಾದಾ ಉಕ್ಕಿನ ಗಾಳ ದಿನ ಕಳೆದಂತೆ ತುಕ್ಕು ಹಿಡಿಯುತ್ತದೆ. ಮೇಲಿನ ಕಾಮೆಂಟಿನಲ್ಲಿ ಒಬ್ಬರು ಗಾಯಕ್ಕೆ ಅರಿಶಿನ ಹಚ್ಚಿ ಅಂದಿದ್ದಾರೆ. ಅಣ್ಣಾ, ಬೇಜಾರಾಗಬೇಡಿ, ನಿಮ್ಮ ಕಾಳಜಿ ಒಳ್ಳೆಯದೇ. ಆದರೆ ಅರಿಶಿನ ಹಚ್ಚಿ ತಿಕ್ಕಿದರೆ ಇದ್ದ ಲೋಳೆಯೂ ಹೋಗುತ್ತದೆ. ಆ ಲೋಳೆಯೇ ಅದರ ಔಷಧ, ಅದರ ಅಂಗಿ. ಬಾಳೆಗೆ ಮೈಮೇಲೆ ಹುರುಪೆಯೂ ಇಲ್ಲ, ನೋಡಿ.

ಈಗ ದಂಡೆ. ಉಸುಕು, ಕಲ್ಲು, ಗೊಬ್ಬರದ ಚೀಲ ಯಾವುದರ ಮೇಲೂ ಮಲಗಿಸಬೇಡ. ನಾನು ಹಳೇ ತಾಡಪತ್ರಿಯ ತುಂಡಿಗೆ ಎರಡೂ ಕಡೆ ಬಿದಿರಿನ ಕೋಲು ಹಾಕಿ ಬನಹಟ್ಟಿಯಲ್ಲಿ ಹೊಲಿಸಿಕೊಂಡಿದ್ದೇನೆ, ತೊಟ್ಟಿಲಿನ ಹಾಗೆ. ನುಣುಪು ಬದಿ ಒಳಗೆ. ಅದನ್ನು ನೀರಲ್ಲಿ ಮುಳುಗಿಸಿ ಮೀನನ್ನು ಅದರೊಳಗೆ ತರುವುದು. ತಲೆ, ಕಿವಿರು ನೀರಲ್ಲೇ ಇರಬೇಕು. ಕೈ ಮೊದಲೇ ಒದ್ದೆ ಮಾಡಿಕೋ. ಗಾಳ ಬಿಡಿಸುವುದೂ ಅಲ್ಲೇ, ಉದ್ದ ಮೂತಿಯ ಪಕ್ಕಡ್‌ನಿಂದ. ಬಾಳೆಯ ಬಾಯೊಳಗೆ ಹೆಬ್ಬೆರಳು ಹಾಕುವ ಧೈರ್ಯ ಮಾಡಬೇಡ, ನನ್ನ ಹೆಬ್ಬೆರಳಿನ ಮೇಲೆ ಅದರ ಸಹಿ ಇನ್ನೂ ಇದೆ.

ಫೋಟೋ ಬೇಕೇ ಬೇಕು ಅಂದರೆ ಗೆಳೆಯ ಮೊಬೈಲ್ ಹಿಡಿದು ಸಿದ್ಧವಾಗಿ ನಿಂತ ಮೇಲೆ ಎತ್ತು. ಒಂದು ಕೈ ತಲೆಯ ಹಿಂದೆ ಎದೆಯ ಕೆಳಗೆ, ಇನ್ನೊಂದು ಹೊಟ್ಟೆಯ ಹಿಂಭಾಗಕ್ಕೆ. ಅಡ್ಡಡ್ಡ, ನೀರಿನ ಮೇಲೆಯೇ, ಕೈ ತಪ್ಪಿದರೆ ನೀರಿಗೇ ಬೀಳಬೇಕು. ಹತ್ತು ಎಣಿಸುವಷ್ಟರಲ್ಲಿ ಇಳಿಸು. ದವಡೆ ಹಿಡಿದು ನೆಟ್ಟಗೆ ತೂಗಾಡಿಸಿದರೆ ಅದರ ಭಾರವೇ ಅದರ ದವಡೆಯ ಕಟ್ಟು ಹರಿಯುತ್ತದೆ. ನೀರಲ್ಲಿ ಅದಕ್ಕೆ ಭಾರವೇ ಗೊತ್ತಿರುವುದಿಲ್ಲ ಅಲ್ವಾ.

ತೂಕಕ್ಕೆ ಕೊಕ್ಕೆಯ ತಕ್ಕಡಿ ಹಾಕಿದ್ದೀಯ, ಅದೇ ದೊಡ್ಡ ತಪ್ಪು. ಟೇಪಿನಿಂದ ಅಳೆದರೆ ಸಾಕು. ಮೂತಿಯಿಂದ ಬಾಲದ ಕವಲಿನವರೆಗೆ ಉದ್ದ, ಹೊಟ್ಟೆ ದಪ್ಪಗಿರುವ ಕಡೆ ಸುತ್ತಳತೆ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸು, ಅದನ್ನು ಉದ್ದದಿಂದ ಗುಣಿಸು, 29,000ದಿಂದ ಭಾಗಿಸು. 120 ಉದ್ದ, 52 ಸುತ್ತಳತೆ ಅಂದರೆ ಸುಮಾರು 11 ಕೆಜಿ. ಅಂದಾಜು ಲೆಕ್ಕವೇ. ಆದರೆ ಕಟ್ಟೆಯ ಮೇಲೆ ಕೂತು ಹೇಳುವ ತೂಕಕ್ಕಿಂತ ಎಷ್ಟೋ ವಾಸಿ.

ಬಿಡುವ ಹೊತ್ತು. ಎಲ್ಲರೂ ಮೀನನ್ನು ಹಿಂದೆ ಮುಂದೆ ತಳ್ಳುತ್ತಾರೆ. ಹಿಂದಕ್ಕೆ ಎಳೆದರೆ ಕಿವಿರಿಗೆ ನೀರು ಉಲ್ಟಾ ಹೋಗುತ್ತದೆ, ಪ್ರಯೋಜನ ಇಲ್ಲ. ಹರಿವು ಇದ್ದರೆ ಮೂತಿ ಹರಿವಿಗೆ ಎದುರು ಮಾಡಿ ನೆಟ್ಟಗೆ ಹಿಡಿದು ನಿಲ್ಲು. ಆಲಮಟ್ಟಿ ಹಿನ್ನೀರಿನಂಥ ನಿಂತ ನೀರಲ್ಲಾದರೆ ಮುಂದಕ್ಕೆ ಮಾತ್ರ, ದೊಡ್ಡ ಸುತ್ತು ಹಾಕುತ್ತಾ ನಡೆಸು. ಕಿವಿರಿನ ಮುಚ್ಚಳ ಒಂದೇ ತಾಳದಲ್ಲಿ ತೆರೆದು ಮುಚ್ಚಬೇಕು. ಆಮೇಲೆ ಒಂದು ಪರೀಕ್ಷೆ. ಮೀನನ್ನು ಮೆಲ್ಲಗೆ ಪಕ್ಕಕ್ಕೆ ವಾಲಿಸಿ ಕಣ್ಣು ನೋಡು. ಸುಸ್ಥಿತಿಯಲ್ಲಿದ್ದರೆ ಮೈ ವಾಲಿದರೂ ಕಣ್ಣು ಸಮವಾಗಿ ಇರಲು ತಿರುಗುತ್ತದೆ. ಕಣ್ಣು ಮೈ ಜೊತೆಯೇ ವಾಲಿದರೆ ಇನ್ನೂ ಹೊತ್ತು ಬೇಕು. ಬಾಲದ ಬುಡ ಹಿಡಿದಾಗ ಜಾಡಿಸಿದರೆ ಸಿದ್ಧವಾಗಿದೆ. ನೀನು ಬಿಡಬೇಡ, ಅದೇ ನಿನ್ನ ಕೈ ಬಿಡಿಸಿಕೊಂಡು ಹೋಗಲಿ. ನನಗೆ ಒಮ್ಮೆ ಇಪ್ಪತ್ತು ನಿಮಿಷ ಹಿಡಿದಿದೆ, ಸೊಂಟ ಬಿದ್ದು ಹೋಗಿತ್ತು. ತೇಲುತ್ತದೆ ಅಂತ ಹೊಟ್ಟೆಗೆ ಸೂಜಿ ಚುಚ್ಚುವ ವಿಡಿಯೋ ನೋಡಿರಬಹುದು. ಅದು ಆಳ ಸಮುದ್ರದ ಕೆಲವು ಮೀನುಗಳ ಕಥೆ. ಬಾಳೆ, ಕಟ್ಲಾ, ರೋಹು ಇವುಗಳ ಗಾಳಿಚೀಲಕ್ಕೆ ಗಂಟಲ ಕಡೆ ದಾರಿ ಇರುತ್ತದೆ, ಗಾಳಿ ತಾವೇ ಬಿಡುತ್ತವೆ. ನಿನ್ನ ಮೀನು ತೇಲಿದ್ದು ಸುಸ್ತಿಗೆ.

ಸೊಂಟದ ಮಟ್ಟ ನೀರಲ್ಲಿ ನಿಂತು ಅಂತ ನಾನು ಹೇಳಿಲ್ಲ, ಗಮನಿಸು. ನಮ್ಮ ಕೃಷ್ಣೆಯಲ್ಲಿ ಮೊಸಳೆ ಇವೆ. ಮೊಣಕಾಲ ಮಟ್ಟಕ್ಕಿಂತ ಆಳದ ನೀರಿಗೆ ಇಳಿಯಬೇಡ, ಒಬ್ಬ ಗೆಳೆಯ ದಂಡೆ ಮೇಲೆ ನಿಂತು ನೀರು ನೋಡುತ್ತಿರಲಿ, ರಾತ್ರಿಯಂತೂ ನೀರಿಗೆ ಇಳಿಯಲೇ ಬೇಡ. ಬಾಳೆ ರಾತ್ರಿಯೇ ಜಾಸ್ತಿ ತಿರುಗುತ್ತದೆ, ಗೊತ್ತು. ಆದರೂ. ಬ್ಯಾರೇಜಿನ ಕೆಳಗೆ ಕೂತಿದ್ದರೆ ಗೇಟ್ ಎತ್ತಿದಾಗ ನೀರು ಏರುವುದೂ ನೆನಪಿರಲಿ.

ಕಾಲದ ಮಾತು ನಿನಗೆ ಮುಖ್ಯ, ಯಾಕಂದರೆ ನೀನು ಹಿಡಿದಿದ್ದು ಮೇ ತಿಂಗಳಲ್ಲಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಮೀನಿಗೆ ಬೇಕಾಗುವುದು ಮಾತ್ರ ಬಿಸಿ ನೀರಲ್ಲೇ ಜಾಸ್ತಿ. ಬೇಸಿಗೆಯಲ್ಲಿ ಹೊಳೆ ಬತ್ತಿ, ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿಸಿ ಅಂತ ಮಹಾರಾಷ್ಟ್ರಕ್ಕೆ ಕೇಳುವ ಹೊತ್ತಿಗೆ ದೊಡ್ಡ ಮೀನೆಲ್ಲ ಮಡುಗಳಲ್ಲಿ ಬಂದು ಕೂತಿರುತ್ತವೆ. ಆಗ ಹಿಡಿಯುವುದು ಸುಲಭ, ಬದುಕಿಸುವುದು ಕಷ್ಟ. ನಾನು ಏಪ್ರಿಲ್, ಮೇ ಎರಡು ತಿಂಗಳು ಮಡುವಿಗೆ ಗಾಳ ಹಾಕುವುದಿಲ್ಲ. ಮಳೆ ಬಿದ್ದು ಹೊಸ ನೀರು ಬರುವಾಗ ಮೊಟ್ಟೆ ಇಡಲು ಏರುತ್ತವೆ, ಆಗಲೂ ಬೇಡ. ಚಳಿಗಾಲ ಒಳ್ಳೆಯದು. ಇನ್ನೊಂದು, ಮುಂಜಾನೆ ತಂಪು ಅಂತ ಎಲ್ಲರೂ ಹೇಳ್ತಾರೆ. ಹರಿಯುವ ಹೊಳೆಯಲ್ಲಿ ಸರಿ. ಪಾಚಿ ತುಂಬಿ ಹಸಿರಾದ ನಿಂತ ನೀರಲ್ಲಿ ರಾತ್ರಿಯೆಲ್ಲ ಪಾಚಿಯೇ ಆಮ್ಲಜನಕ ಕುಡಿದಿರುತ್ತದೆ, ಸೂರ್ಯ ಹುಟ್ಟುವ ಹೊತ್ತಿಗೆ ತೀರಾ ಕಡಿಮೆ. ಅಲ್ಲಿ ಬಿಸಿಲೇರಿ ಒಂದೆರಡು ತಾಸು ಆದ ಮೇಲೆ ಹಾಕು.

ಈಗ ಸಾರಿನವರ ಮಾತು. ಮೀನು ತಿನ್ನುವುದು ತಪ್ಪಲ್ಲ, ಹೊಳೆಯನ್ನೇ ನಂಬಿದ ಮನೆಗಳಿವೆ, ಅವರಿಗೆ ನಾನು ಬುದ್ಧಿ ಹೇಳುವುದಿಲ್ಲ. ಕಿವಿರಿನಿಂದ ರಕ್ತ ಸುರಿಯುತ್ತಿದ್ದರೆ ಆ ಮೀನು ಉಳಿಯುವುದು ಅಪರೂಪ. ಮನೆಗೆ ಒಯ್ದು ಸಾರು ಮಾಡು, ನಾಚಿಕೆ ಬೇಡ. ಆದರೆ ಬಿಡುವುದು ಮೊಬೈಲ್ ಬಂದ ಮೇಲೆ ಹುಟ್ಟಿದ ಶೋಕಿ ಅಂದವರಿಗೆ ಒಂದು ಮಾತು, ಇದು ಹೊಳೆಯಲ್ಲಿ ದೊಡ್ಡ ಮೀನು ಉಳಿಯಲಿ ಅಂತ ಮಾಡುವುದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನ, ಅಂದರೆ 54 ಕೆಜಿಯ ಮಹಶೀರ್ ಎಂಬ ಹೊಳೆಮೀನು ಹಿಡಿದಿದ್ದರು. ಆ ಜಾತಿಯ ಕಾವೇರಿ ಮಹಶೀರ್ ಇವತ್ತು ನಿರ್ನಾಮದ ತುದಿಯಲ್ಲಿದೆ.    ಇನ್ನು ಬಾಳೆ, ಅದೂ ಅಳಿಯುವ ಭಯ ಇರುವ ಜೀವಿಗಳ ಜಾಗತಿಕ ಪಟ್ಟಿ, ಅಂದರೆ ಐಯುಸಿಎನ್ ಕೆಂಪು ಪಟ್ಟಿಯ ವಲ್ನರಬಲ್ (ಅಪಾಯಕ್ಕೆ ಸಿಲುಕಿದ) ಗುಂಪಿಗೆ ಸೇರಿದೆ. ನಾಲ್ಕಡಿಯ ಹೆಣ್ಣು ಬಾಳೆ ಎಷ್ಟು ಮೊಟ್ಟೆ ಇಟ್ಟೀತು, ನೀನೇ ಯೋಚನೆ ಮಾಡು.

ಬಿಡಬಾರದ ಮೀನೂ ಒಂದಿದೆ. ಆಫ್ರಿಕನ್ ಕ್ಯಾಟ್‌ಫಿಶ್. ದೇಶದಲ್ಲಿ 2000ದಿಂದ ಅದರ ಸಾಕಣೆಗೆ ನಿಷೇಧ ಇದೆ, ಆದರೂ ಹೊಳೆಗೆ ಬಂದಿದೆ. ಬೆನ್ನಿನ ರೆಕ್ಕೆ ತಲೆಯ ಹಿಂದಿನಿಂದ ಬಾಲದವರೆಗೆ ಉದ್ದಕ್ಕೆ ಇದ್ದರೆ, ಎಂಟು ಮೀಸೆ ಇದ್ದರೆ, ತಲೆ ಚಪ್ಪಟೆಯಾಗಿ ಗಟ್ಟಿ ಇದ್ದರೆ ಅದು ಆಫ್ರಿಕನ್ ಇರಬಹುದು. ನಮ್ಮ ನಾಡಿನ ಮಾಗೂರ್ ಮೀನಿಗೂ ಇವೇ ಗುರುತು, ಹಾಗಾಗಿ ಖಾತ್ರಿ ಆದರೆ ಮಾತ್ರ ವಾಪಸ್ ಬಿಡಬೇಡ. ಬಾಳೆಗೆ ಬೆನ್ನ ರೆಕ್ಕೆ ಬೆರಳುದ್ದ, ಹೊಟ್ಟೆಯ ಕೆಳಗಿನ ರೆಕ್ಕೆಯೇ ಬಾಲದವರೆಗೆ ಉದ್ದ, ಮೀಸೆ ನಾಲ್ಕೇ. ಹಾಗೆಯೇ ಬಾಳೆಯನ್ನು ಒಯ್ದು ಕೃಷಿಹೊಂಡಕ್ಕೆ ಬಿಡುವ ಯೋಚನೆ ಇದ್ದರೆ ಆ ಯೋಚನೆ ಕೈಬಿಡು, ನಿನ್ನ ಕಟ್ಲಾ ಮರಿ ಒಂದೂ ಉಳಿಯುವುದಿಲ್ಲ.

ಹಾಂ, ಗಾಳ ಹಾಕುವ ಜಾಗಕ್ಕೆ ಪರವಾನಗಿ ಬೇಕಾ ಅಂತ ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಒಮ್ಮೆ ಕೇಳಿಕೋ, ಕೆಲವು ಕಡೆ ಗುತ್ತಿಗೆ ಇರುತ್ತದೆ. ತಾಡಪತ್ರಿ ತೊಟ್ಟಿಲು ಹೊಲಿಸುವಾಗ ನಡುವೆ ನೀರು ಇಳಿದುಹೋಗಲು ನಾಲ್ಕಾರು ತೂತು ಬಿಡಿಸು. ನಾನು ಮೊದಲ ಸಲ ಮರೆತಿದ್ದೆ, ಮೀನಿನ ಜೊತೆ ಒಂದು ಕೊಡ ನೀರೂ ಎತ್ತಬೇಕಾಯಿತು. ಉದ್ದ ಐದಡಿ ಇರಲಿ. ನನ್ನ ಹತ್ತಿರ ಹಳೆಯದೊಂದು ಉಳಿದಿದೆ, ಜಮಖಂಡಿ ಕಡೆ ಬಂದರೆ ತಗೊಂಡು ಹೋಗು.