ಸಂಪಾದಕರ ಉತ್ತರ: ತಾಲ್ಲೂಕಿಗೊಂದು ಶಾಖೆ ಯಾಕೆ?

ಶಹಾಪುರ ತಾಲ್ಲೂಕಿನ ಮಾಸ್ತರರೊಬ್ಬರು ಬರೆದಿದ್ದಾರೆ: "ನಮ್ಮೂರಲ್ಲಿ ಒಂದು ಸಂಸ್ಥೆ ಮೂರು ವರ್ಷ ಸಂಜೆ ಶಾಲೆ ನಡೆಸಿತು. ಗುಳೆ ಹೋಗಿ ಬಂದ ಮಕ್ಕಳೂ ಓದೋದು ಕಲಿತವು. ಪ್ರಾಜೆಕ್ಟ್ ಮುಗಿಯಿತು, ಬೋರ್ಡ್ ಮಾತ್ರ ಉಳಿಯಿತು. ಇಂಥ ಸಂಸ್ಥೆಗಳಿಗೆ ಕೋಟಿಗಟ್ಟಲೆ ಹಣ ಕೊಟ್ಟು ತಾಲ್ಲೂಕಿಗೊಂದು ಶಾಖೆ ತೆರೆಸಿದರೆ ಬಡತನ ಹೋಗಲ್ವಾ?"

ಮಾಸ್ತರೇ, ಹಣ ಬೇಕು, ನಿಜ. ಆದರೆ ಶಾಖೆ ಅಂದಿರಲ್ಲ, ನನ್ನ ತಕರಾರು ಅಲ್ಲೇ. ಕೆಲಸ ಹಬ್ಬಲಿ, ಸಂಸ್ಥೆ ಯಾಕೆ ಉಬ್ಬಬೇಕು?

ಹೆಣ್ಣುಮಕ್ಕಳ ಸ್ವಸಹಾಯ ಸಂಘ ಇಲ್ಲದ ಊರು ಈಗ ಎಲ್ಲಿದೆ ಹೇಳಿ. 1980ರ ದಶಕದಲ್ಲಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಕರ್ನಾಟಕದಲ್ಲಿ ಇಂಥ ಗುಂಪುಗಳನ್ನು ಕಟ್ಟಿತು. ನಮ್ಮ ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆಯೂ ಕೆಲಸ ಮಾಡಿತು. 1987ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಶುರುವಾಯಿತು. ಇವತ್ತು ದೇಶದಲ್ಲಿ ಕೋಟಿಗೂ ಜಾಸ್ತಿ ಗುಂಪುಗಳಿವೆ. ಮೈರಾಡ ಏನೂ ಊರೂರಲ್ಲಿ ಶಾಖೆ ತೆರೆಯಲಿಲ್ಲ. ಬ್ಯಾಂಕುಗಳು, ಸರ್ಕಾರ, ಬೇರೆ ಸಂಸ್ಥೆಗಳು ಆ ಕೆಲಸವನ್ನು ತಮ್ಮದು ಮಾಡಿಕೊಂಡವು. ಬೀದರಿನ ಡಿಸಿಸಿ ಬ್ಯಾಂಕ್ ಈ ಸಂಘಗಳಿಂದಲೇ ಹೆಸರು ಮಾಡಿತು.

ಒಂದು ಸಂಘದ ಸಭೆಯಲ್ಲಿ ಕೂತು ನೋಡಿ. ದುಡ್ಡಿನ ಪೆಟ್ಟಿಗೆ ಒಬ್ಬಾಕೆಯ ಮನೆಯಲ್ಲಿ, ಕೀಲಿ ಇನ್ನೊಬ್ಬಾಕೆಯ ಸೆರಗಿನ ಗಂಟಿನಲ್ಲಿ. ಸಹಿ ಮಾಡಲು ಬಾರದವರಿಗೂ ಯಾರ ಬಾಕಿ ಎಷ್ಟು ಅನ್ನುವುದು ಬಾಯಿಪಾಠ. ಈ ಸಲದ ಸಾಲ ಬೀಜಕ್ಕೋ, ಕೂಸಿನ ಆಸ್ಪತ್ರೆಗೋ? ಜಗಳ ಅಲ್ಲೇ ಶುರು, ಅಲ್ಲೇ ಮುಗಿಯುತ್ತದೆ. ಪಕ್ಕದ ಊರಿನವರು ಒಮ್ಮೆ ನೋಡಿದರೆ ಸಾಕು, ತಾವೂ ಮಾಡಬಹುದು. ಅದಕ್ಕೇ ಹಬ್ಬಿತು.

ಬಾಂಗ್ಲಾದೇಶದ ಬ್ರಾಕ್ ಭಾರೀ ದೊಡ್ಡ ಸಂಸ್ಥೆಯಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ 1980ರಿಂದ ಹತ್ತು ವರ್ಷ ಮನೆಮನೆ ತಿರುಗಿ, 1 ಕೋಟಿಗೂ ಜಾಸ್ತಿ ಮನೆಗಳಲ್ಲಿ ಅದು ಕಲಿಸಿದ್ದು ಏನು? ವಾಂತಿಭೇದಿಗೆ ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರು. ಆಮೇಲೆ ಇನ್ನೊಬ್ಬರು ಹೋಗಿ ತಾಯಿಯನ್ನು ಕೇಳುತ್ತಿದ್ದರು. ಆಕೆಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳ ಸಂಬಳ! ನಮ್ಮಲ್ಲಿ ಸಂಸ್ಥೆಯವರು ಫೋಟೋ ತೆಗೆದು ಕಳಿಸಿದರೆ ಆಯ್ತು.

ಇನ್ನು ನಿಮ್ಮ ಕೋಟಿಗಳ ಮಾತು. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನುತ್ತದೆ 2013ರ ಕಂಪನಿ ಕಾಯ್ದೆ. ತಾವಿರುವ ಕಡೆಗೇ ಆದ್ಯತೆ ಕೊಡಿ ಅಂತಲೂ ಅನ್ನುತ್ತದೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಫ್ಯಾಕ್ಟರಿ ಬಿಟ್ಟರೆ ನಮ್ಮಲ್ಲಿ ದೊಡ್ಡ ಕಂಪನಿ ಎಷ್ಟಿವೆ? ಕಂಪನಿ ಬೆಂಗಳೂರಲ್ಲಿ, ಆದ್ಯತೆಯೂ ಬೆಂಗಳೂರಿಗೆ. ನಮ್ಮ ಪಾಲಿಗೆ ಮೂರು ವರ್ಷದ ಪ್ರಾಜೆಕ್ಟು, ಇಂಗ್ಲಿಷ್ ವರದಿ. ತೊಗರಿ ರಾಶಿ ಮುಗಿಸಿ ಪುಣೆ, ಮುಂಬೈ ಬಸ್ ಹತ್ತುವವರು ಆ ವರದಿಯಲ್ಲಿ ಇನ್ನೂ ಫಲಾನುಭವಿಗಳು!

ಮಾಸ್ತರೇ, ಮಕ್ಕಳ ಕೈಗೆ ಪುಸ್ತಕ ಕೊಡುವುದು ನಿಮಗೆ ಯಾರೂ ಕಲಿಸಬೇಕಿಲ್ಲ. ಆ ಸಂಜೆ ಶಾಲೆಯಲ್ಲಿ ಕಲಿತು ಪಿಯುಸಿ ಮುಗಿಸಿದ ಹುಡುಗಿಯರು ಯಾರಾದರೂ ಊರಲ್ಲಿದ್ದಾರಾ? ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಸಂಜೆ ತೆರೆದಿರುತ್ತದಾ? ವಿಚಾರಿಸಿ ಬರೆಯಿರಿ. ಶಾಖೆಯ ಮಾತು ಆಮೇಲೆ ಆಡೋಣ.