ಟಿಪಿಎನ್ ನಿಲ್ಲಿಸಿದರೆ ಮಗುವಿನ ಕಾಮಾಲೆ ಇಳಿಯುತ್ತದೆಯೇ?

ಕರುಳಿನ ಶಸ್ತ್ರಚಿಕಿತ್ಸೆಯಾದ ನಿಮ್ಮ ಕೂಸಿಗೆ ಐದು ವಾರಗಳಿಂದ ರಕ್ತನಾಳದ ಮೂಲಕವೇ ಆಹಾರ (ಇದನ್ನೇ ಟಿಪಿಎನ್ ಎನ್ನುತ್ತಾರೆ) ಹೋಗುತ್ತಿದೆ, ಈಗ ಕಣ್ಣು ಹಳದಿಯಾಗಿದೆ, ಟಿಪಿಎನ್ ನಿಲ್ಲಿಸುವಂತೆ ಹೇಳಿ ನೆಲನೆಲ್ಲಿ ರಸ ಕೊಡಲೇ ಎಂದು ಅಂಕೋಲೆಯಿಂದ ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ.

ನಾನು ಕಾರವಾರದವಳು. 29 ವಾರಕ್ಕೇ ಹುಟ್ಟಿದ ಮಗನನ್ನು ಆಂಬುಲೆನ್ಸ್‌ನಲ್ಲಿ ಹೊನ್ನಾವರ, ಭಟ್ಕಳ ದಾಟಿ ಕರೆದೊಯ್ದಿದ್ದೆವು. ಅವನ ಕಣ್ಣೂ ಹೀಗೆಯೇ ಹಳದಿಯಾದಾಗ ನಮ್ಮ ಅತ್ತೆ ಹಿತ್ತಲಿನ ನೆಲನೆಲ್ಲಿಯನ್ನು ಕಟ್ಟು ಕಟ್ಟಿ ತಂದಿದ್ದರು. ಅವರ ಕಳಕಳಿ ನನಗೆ ಅರ್ಥವಾಗುತ್ತಿತ್ತು. ಆದರೆ ಒಂದು ಹನಿ ಹಾಲನ್ನೇ ತಾಳದ ಕರುಳಿಗೆ ಸೊಪ್ಪಿನ ರಸ ಹಾಕುವುದು ಹೇಗೆ?

ಇದು ಹುಟ್ಟಿದ ವಾರ ಬಂದು ಹೋಗುವ ಕಾಮಾಲೆಯಲ್ಲ, ನೀಲಿ ಬೆಳಕಿಗೆ ಇಳಿಯುವುದೂ ಇಲ್ಲ. ಆಹಾರ ಕರುಳಿಗೆ ಬಿದ್ದಾಗಲೇ ಪಿತ್ತ ಚೆನ್ನಾಗಿ ಹರಿಯುತ್ತದೆ. ಕರುಳು ಖಾಲಿ ಇದ್ದರೆ ಅದು ಯಕೃತ್ತಿನಲ್ಲೇ ನಿಲ್ಲತೊಡಗುತ್ತದೆ. ತಿಂಗಳು ತುಂಬದ ಮಗುವಿನ ಯಕೃತ್ತು ಮೊದಲೇ ಎಳೆಯದು. ಅದರ ಮೇಲೆ ಸೋಂಕು ತಗುಲಿದರೆ, ಟಿಪಿಎನ್ ಜೊತೆ ಕೊಡುವ ಸೋಯಾ ಎಣ್ಣೆಯ ಲಿಪಿಡ್ (ಕೊಬ್ಬಿನ ದ್ರಾವಣ) ಹೆಚ್ಚು ದಿನ ಹೋದರೆ ತೊಂದರೆ ಬಲಿಯುತ್ತದೆ. ಹಾಗೆಂದು ಟಿಪಿಎನ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದ ಸಕ್ಕರೆ ಕುಸಿಯುತ್ತದೆ, ಮಗುವಿಗೆ ಬೇರೆ ಊಟವೇ ಇಲ್ಲ. ವೈದ್ಯರು ಲಿಪಿಡ್ ಪ್ರಮಾಣ ತಗ್ಗಿಸಬಹುದು ಅಥವಾ ಮೀನೆಣ್ಣೆಯ ಲಿಪಿಡ್‌ಗೆ ಬದಲಾಯಿಸಬಹುದು. ಇಂಥ ಮಕ್ಕಳಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ನಿಮ್ಮ ಮಗುವಿಗೆ ಅದು ಹೊಂದುತ್ತದೆಯೇ ಎಂದು ಕೇಳಿ.

ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್‌ನಲ್ಲಿ ಪಿತ್ತ ಹರಿಯದಿದ್ದಾಗ ಏರುವ ಭಾಗ, ಅಂದರೆ ಡೈರೆಕ್ಟ್ ಬಿಲಿರುಬಿನ್, ಎಷ್ಟಿದೆ ಎಂದೂ ಕೇಳಿ, ಒಟ್ಟು ಬಿಲಿರುಬಿನ್ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ಮಲದ ಬಣ್ಣವನ್ನು ನೀವೇ ನೋಡಿ. ಸುಣ್ಣದಂತೆ ಬಿಳಿಚಿದ್ದರೆ ಅದೇ ದಿನ ತಿಳಿಸಿ. ಪಿತ್ತನಾಳವೇ ಮುಚ್ಚಿರುವ ಕಾಯಿಲೆ ಇರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಹುಟ್ಟಿದ 60 ದಿನಗಳೊಳಗೆ ಆದರೆ ಫಲ ಹೆಚ್ಚು. ನಮಗೆ ಈ ಮಾತನ್ನು ಯಾರೂ ತಾವಾಗಿ ಹೇಳಲಿಲ್ಲ, ಆ ನೋವು ಇಂದಿಗೂ ನನ್ನೊಳಗಿದೆ.

ಮಗನಿಗೆ ಮೊದಲ ದಿನ ಮೂಗಿನ ನಳಿಕೆಯಲ್ಲಿ ಹೋದದ್ದು 1 ಮಿಲಿಲೀಟರ್ ಎದೆಹಾಲು. ಅಷ್ಟಕ್ಕೇ ನಾನು ಅತ್ತಿದ್ದೆ. ಹಾಲು ಹೆಚ್ಚಿದಂತೆ ಟಿಪಿಎನ್ ಇಳಿಯಿತು, ಹಳದಿ ಮಾಸಲು ಮತ್ತೂ ಹಲವು ವಾರಗಳೇ ಹಿಡಿದವು. ಈಗ ಹಾಲು ಬೇಡವೆಂದಿದ್ದರೂ ತಾಯಿ ಮೂರು ಗಂಟೆಗೊಮ್ಮೆ ಎದೆಹಾಲು ಹಿಂಡುತ್ತಿರಲಿ. ಹನಿಯಷ್ಟಾದರೂ ಯಾವಾಗ ಶುರು ಮಾಡಬಹುದೆಂದು ನಾಳೆ ಬೆಳಗಿನ ರೌಂಡ್ಸ್‌ನಲ್ಲೇ ಕೇಳಿ.